ಕೊಳ್ಳಿ ಇಟ್ಟ ಕೈ

“ಅಪ್ಪನ ಚಿತೆಗೆ ಕೊಳ್ಳಿ ಇಟ್ಟ ಕೈ ಸಾರ್ ಅದು! ಏನು ಮುಟ್ಟಿದ್ರೂ ಸುಡದೆ ಬಿಡ್ತದಾ?”

ನನ್ನಣ್ಣ ಜಟ್ಟಪ್ಪ ಈ ಮಾತು ಆಡಿದ್ದು ತನ್ನ ಹೆಂಡತಿಯ ಬಗ್ಗೆ. ಒಳಗೆಲ್ಲೋ ಬಾಗಿಲ ಸಂದಿಯಲ್ಲಿ ಆಡಿದ್ದಲ್ಲ, ಜಗಲಿಯ ಮೇಲೆ, ನಾಲ್ಕು ಜನ ಎಲೆ ಮುಂದೆ ಕೂತಿದ್ದಾಗ. ಬ್ಲಾಕ್ ಆಫೀಸಿನ ಸೀತಾರಾಮಪ್ಪನವರು, ಅವರ ಸಂಗಡ ಬಂದಿದ್ದ ಇಬ್ಬರು, ಮತ್ತೆ ಪಕ್ಕದ ಮನೆ ಹಾಲಮ್ಮನ ಗಂಡ. ಅಣ್ಣನ ಎತ್ತಿದ ಕೈಯಲ್ಲಿ ಅವನ ಬಿಳೀ ಪಾಪ್ಲಿನ್ ಅಂಗಿ ನೇತಾಡುತ್ತಿತ್ತು. ಜೇಬಿನ ಕೆಳಗೆ ಇಸ್ತ್ರಿ ಪೆಟ್ಟಿಗೆಯ ಮೂತಿ ಕಂದು ಬಣ್ಣದಲ್ಲಿ ಅಚ್ಚೊತ್ತಿದ ಹಾಗೆ ಕೂತಿತ್ತು.

ಅತ್ತಿಗೆ ಪುಷ್ಪಮ್ಮ ಆಗ ಕಡುಬು ಬಡಿಸುತ್ತಿದ್ದಳು. ಸೀತಾರಾಮಪ್ಪನವರ ಎಲೆಗೆ ಹೋಗಬೇಕಿದ್ದ ಕಡುಬು ಅವಳ ಕೈಯಲ್ಲೇ ಉಳಿಯಿತು. ಹಾಕಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಆ ಕೈಯ ಸುದ್ದಿಯೇ ತಾನೇ ಈಗ ಆಡಿದ್ದು.

ಒಬ್ಬ ಕಿಸಕ್ಕನೆ ನಕ್ಕ. ಸೀತಾರಾಮಪ್ಪನವರು, “ಹೋಗ್ಲಿ ಬಿಡ್ರೀ ಜಟ್ಟಪ್ಪ, ಅಂಗಿ ತಾನೇ” ಅಂದು, “ಹಾಕಮ್ಮ, ಒಂದು ಸಾಕು” ಅಂತ ಎಲೆ ಸರಿಸಿದರು. ಅತ್ತಿಗೆ ಹಾಕಿದಳು. ಪಾತ್ರೆ ನೆಲಕ್ಕಿಟ್ಟು ಒಳಗೆ ಹೋದಳು. ಕೋಳಿ ಸಾರು ನಾನೇ ಬಡಿಸಿದೆ. ಸಿಟ್ಟಿನಲ್ಲಿ ಸೌಟು ಬಗ್ಗಿಸಿದ್ದಕ್ಕೆ ಸಾರು ಎಲೆಯಿಂದಾಚೆ ಹರಿಯಿತು.

“ನೋಡ್ಕೊಂಡು ಬಡಿಸೋ, ಲಾರಿ ತೊಳೆದಂಗಲ್ಲ” ಅಂದ ಅಣ್ಣ. ಅದಕ್ಕೂ ನಕ್ಕರು.

ಅವನು ಹೊಸನಗರದಲ್ಲಿ ಗ್ರಾಮಸೇವಕ. ಊರೂರು ತಿರುಗಿ, ಜಪಾನ್ ಪದ್ಧತಿಯಲ್ಲಿ ಭತ್ತದ ನಾಟಿ ಮಾಡೋದು ಹೇಗೆ ಅಂತ ರೈತರಿಗೆ ಹೇಳುವ ಕೆಲಸ. ಅವತ್ತು ಊಟ ಮುಗಿಸಿ ಎಲ್ಲರೂ ಜೀಪಿನಲ್ಲಿ ರಿಪ್ಪನ್‌ಪೇಟೆಯ ಸಭೆಗೆ ಹೋಗುವವರಿದ್ದರು. ಆ ಸಭೆಗೆಂದೇ ಬಿಳೀ ಅಂಗಿ ಇಸ್ತ್ರಿಯಾಗಿತ್ತು. ಅವನು ಬೇರೆ ಅಂಗಿ ತೊಟ್ಟು ಹೋದ. ಅದೂ ಬಿಳಿಯದೇ. ಪ್ರಪಂಚವೇನೂ ಮುಳುಗಲಿಲ್ಲ.

ಮುಳುಗುವುದು ಅಂದರೆ ಏನು ಅಂತ ನಮಗೆ ಗೊತ್ತು. ಶರಾವತಿಗೆ ಅಣೆ ಕಟ್ಟುವಾಗ ನಮ್ಮ ಊರು ಹೋಯಿತು, ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಹೋಯಿತು, ನಾನು ಓದುತ್ತಿದ್ದ ಶಾಲೆಯೂ ಹೋಯಿತು. ಹೊಸನಗರಕ್ಕೆ ಬಂದ ಮೇಲೆ ಅಪ್ಪ, “ಇಬ್ಬರನ್ನೂ ಓದಿಸೋಕೆ ನನ್ನ ಕೈಲಾಗಲ್ಲ. ದೊಡ್ಡವನು ಓದ್ಲಿ” ಅಂದ. ದೊಡ್ಡವನು ಓದಿದ. ನಾನು ಆರನೇ ಕ್ಲಾಸಿಗೇ ಬಿಟ್ಟು ಲಾರಿ ಕ್ಲೀನರ್ ಆದೆ. ಓದು ಹೋಯಿತಲ್ಲ ಅಂತ ಮೊದಲು ಬೇಜಾರಿತ್ತು. ಅಣ್ಣನ ಬಾಯಿ ಕೇಳಿದ ಮೇಲೆ ಆ ಬೇಜಾರೂ ಹೋಯಿತು.

ಆ ಕೊಳ್ಳಿಯ ವಿಷಯ ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಅತ್ತಿಗೆಯ ತವರು ತೀರ್ಥಹಳ್ಳಿ ಕಡೆ, ಕವಲೇದುರ್ಗದ ಬುಡದಲ್ಲಿ. ಗಂಡುಮಕ್ಕಳಿಲ್ಲದ ಮನೆ. ಹೋದ ವರ್ಷ ಅವಳಪ್ಪ ದುಗ್ಗಪ್ಪ ತೀರಿಕೊಂಡ. ಸುದ್ದಿ ಬಂದಾಗ ಅಣ್ಣ, “ನೀವು ಮುಂದೆ ಹೋಗಿ, ನಾನು ಆಫೀಸಲ್ಲಿ ಹೇಳಿ ಆಮೇಲಿನ ಬಸ್ಸಿಗೆ ಬರ್ತೀನಿ” ಅಂದ. ಅತ್ತಿಗೆಯ ಜೊತೆ ಅಪ್ಪ ಹೋದ. ನಾನು ಲಾರಿಯ ಮೇಲೆ ಭದ್ರಾವತಿಗೆ ಹೋಗಿದ್ದೆ. ದಾಯಾದಿಗಳಿಗೂ ಆ ಮನೆಗೂ ಗದ್ದೆ ಅಂಚಿನ ಜಗಳ, ಒಬ್ಬರೂ ಅಂಗಳಕ್ಕೆ ಕಾಲಿಡಲಿಲ್ಲ. ಗಂಡು ದಿಕ್ಕಿಲ್ಲದ ಮನೆಗೆ ಅಳಿಯನೇ ಮಗ. ಬೀಗನಾದ ನನ್ನಪ್ಪ ಕೊಳ್ಳಿ ಹಿಡಿಯುವ ಹಾಗಿಲ್ಲ. ಹೆಣ ಅಂಗಳದಲ್ಲಿಟ್ಟುಕೊಂಡು ಅಳಿಯನಿಗೆ ಕಾದರು. ಬಸ್ಸು ಬಂದು ಹೋಯಿತು. ಅದರ ನಂತರದ್ದೂ ಬಂದು ಹೋಯಿತು. ಕಡೆಗೆ ಊರ ಹಿರಿಯ ಜಯಪ್ಪ, “ಇನ್ನು ಇಟ್ಕೊಳ್ಳೋಕಾಗಲ್ಲ ಮಗಾ. ನೀನೇ ನಡಿ” ಅಂದನಂತೆ. ನಮ್ಮ ಕಡೆ ಹೆಂಗಸರು ಸುಡುಗಾಡಿನ ದಾರಿಯನ್ನೇ ತುಳಿಯುವುದಿಲ್ಲ. ಅತ್ತಿಗೆ ನಡೆದು ಹೋಗಿ ಕೊಳ್ಳಿ ಇಟ್ಟು ಬಂದಳು.

ಅಣ್ಣ ಹನ್ನೊಂದನೆಯ ದಿನಕ್ಕೆ ಹೋಗಿ ವಡೆ ಪಾಯಸ ಉಂಡು ಬಂದ. “ಸಾಹೇಬರ ಕ್ಯಾಂಪ್ ಇತ್ತು” ಅಂದ. ಅತ್ತಿಗೆ ಅದರ ಬಗ್ಗೆ ಎಂದೂ ಒಂದು ಮಾತು ಎತ್ತಿರಲಿಲ್ಲ. ಎತ್ತಿದವನು ಅವನು. ಎತ್ತಿದ್ದು ಹೀಗೆ.

ಜೀಪು ಅತ್ತ ಹೋಗಿದ್ದೇ ತಡ, ಹಾಲಮ್ಮ ಹಿತ್ತಿಲ ಬಾಗಿಲಲ್ಲಿ ಬಂದಳು.

“ಎಲ್ಲಿ, ಕೊಡು ನೋಡಾಣ.” ಅಂಗಿಯನ್ನು ಬೆಳಕಿಗೆ ಹಿಡಿದು ಉಗುರಿನಿಂದ ಮೆಲ್ಲಗೆ ಕೆರೆದಳು. “ನೂಲು ಸುಟ್ಟಿಲ್ಲ ಮಾರಾಯ್ತಿ. ಮೇಲೆ ಮೇಲೆ ಹೊತ್ತಿದೆ ಅಷ್ಟೇ. ಹೋಗ್ತದೆ. ಕಂಚಿಹುಳಿ ಇದೆಯಾ?”

“ನಾನು ತರ್ತೀನಿ, ನಾನು ತರ್ತೀನಿ” ಅಂತ ಅವ್ವ ಎದ್ದಳು. ಮಂಡಿನೋವು ಅಂತ ಕೂತಲ್ಲಿಂದ ಏಳದ ಅವ್ವ ಅವತ್ತು ಹಿತ್ತಿಲ ಕಂಚಿ ಗಿಡದ ತನಕ ಹೋಗಿ ಮಡಿಲ ತುಂಬ ನಿಂಬೆಯಂಥ ಕಾಯಿ ಕಿತ್ತು ತಂದಳು.

“ಬಿಸಿನೀರು ಮುಟ್ಟಿಸ್ಬೇಡ, ಕಲೆ ಕೂತ್ಕೋತದೆ” ಅಂದಳು ಹಾಲಮ್ಮ. “ಹುಳಿ ಹಿಂಡು, ಬಿಸಿಲಿಗೆ ಹರಡು, ಒಣಗಿದ ಹಾಗೆ ಮತ್ತೆ ಹಿಂಡು. ಅವಸರಕ್ಕೆ ಉಜ್ಜಿದ್ಯೋ, ತೂತು.”

“ಅದನ್ನ ಒಲೆಗೆ ಹಾಕು ಅತ್ತಿಗೆ” ಅಂದೆ ನಾನು.

“ಅಂಗಿ ಎಂತ ಮಾಡ್ತು ಹೂವಪ್ಪ?”

“ಹಂಗಾರೆ ಅದರೊಳಗಿರೋನನ್ನ ಹಾಕು.”

ಹಾಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವ್ವ ನಗಲಿಲ್ಲ. “ಬಾಯಿ ಮುಚ್ಚೋ. ಅನ್ನ ಹಾಕೋನು ಅವನು.”

“ಅನ್ನ ಹಾಕೋಳು ಇವಳು. ಅವನು ಅಕ್ಕಿ ತರ್ತಾನೆ. ಅಕ್ಕಿ ನಾನೂ ತರ್ತೀನಿ.”

ಸಂಜೆ ಅಣ್ಣ ಬಂದು ಊಟಕ್ಕೆ ಕೂತ. ಅತ್ತಿಗೆ ಅನ್ನದ ತಪ್ಪಲೆ ಹಿಡಿದು ಬಂದಾಗ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದ. “ನೀನು ಬೇಡ. ಅವ್ವ ಬಡಿಸ್ಲಿ.”

“ಯಾಕೆ?” ಅಂದೆ.

“ಯಾಕೆ ಅಂದ್ರೆ ಯಾಕೆ. ಇವತ್ತು ಸಭೇಲಿ ನನ್ನ ಹೆಸರೇ ಕರೀಲಿಲ್ಲ. ಮಾತಾಡೋ ಪಟ್ಟಿಯಲ್ಲಿದ್ದೆ, ಕರೀಲಿಲ್ಲ. ಬೆಳಿಗ್ಗೆಯಿಂದ ಎಲ್ಲ ಹಾಳು.”

“ಅದಕ್ಕೆ ಅವಳ ಕೈ ಕಾರಣವಾ? ಬೇಯಿಸಿದ್ದೂ ಅದೇ ಕೈ ಅಲ್ವಾ?”

“ಬೆಂಕೀಲಿ ಬೆಂದದ್ದಕ್ಕೆ ದೋಷ ಇಲ್ಲ. ಬಡಿಸೋದಕ್ಕೆ ಇದೆ.”

ಇದು ಜಪಾನ್ ಪದ್ಧತಿ ಹೇಳಿಕೊಡುವ ಬಾಯಿ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಕಲಸುತ್ತಲೇ ಇದ್ದ. ಅವ್ವ ಗೋಡೆ ಹಿಡಿದು ಎದ್ದು ಬಂದು ಬಡಿಸಿದಳು.

ಅಲ್ಲಿಂದ ಮನೆಯಲ್ಲಿ ಅದೇ ಪದ್ಧತಿಯಾಯಿತು. ಅತ್ತಿಗೆ ನೀರು ಸೇದಬೇಕು, ಭತ್ತ ಕುಟ್ಟಬೇಕು, ರೊಟ್ಟಿ ತಟ್ಟಬೇಕು, ಮೀನು ಉಜ್ಜಬೇಕು. ಅವನ ಎಲೆಗೆ ಮಾತ್ರ ಅವ್ವ ಬಡಿಸಬೇಕು. ಉಂಡೆದ್ದು ಕೈ ತೊಳೆಯುವಾಗ ಅವನ ಪ್ರಶ್ನೆ ಒಂದೇ: “ಕಲೆ ಹೋಯ್ತಾ?”

“ಸ್ವಲ್ಪ ತಿಳಿಯಾಗಿದೆ” ಅನ್ನುತ್ತಿದ್ದಳು ಅತ್ತಿಗೆ.

ಬೇಸಗೆ ಬಿಸಿಲು, ಹಿತ್ತಿಲ ಕಲ್ಲಿನ ಮೇಲೆ ಅಂಗಿ ಹರಡಿರುತ್ತಿತ್ತು. ಬೆಳಿಗ್ಗೆ ಹುಳಿ ಹಿಂಡಿ ಬಿಸಿಲಿಗೆ ಹಾಕುವಳು. ರೊಟ್ಟಿ ಕಾವಲಿ ಮೇಲಿದ್ದಾಗಲೇ ಓಡಿ ಬಂದು ಮತ್ತೆ ಹಿಂಡುವಳು. ಕಂದು ಬಣ್ಣ ಬೆಲ್ಲದ ಬಣ್ಣಕ್ಕೆ ಬಂತು. ಅಲ್ಲಿಗೇ ನಿಂತಿತು. ಹಾಲಮ್ಮ ಹುಳಿಮಜ್ಜಿಗೆಯಲ್ಲಿ ನೆನೆಹಾಕು ಅಂದಳು. ಅದೂ ಆಯಿತು. ಮನೆಯೆಲ್ಲ ಹುಳಿ ನಾತ ಹೊಡೆಯಿತು. ಇನ್ನೊಬ್ಬಳು ಈರುಳ್ಳಿ ಜಜ್ಜಿ ತಿಕ್ಕು ಅಂದಳು. ಬೆಳಗಿನ ಇಬ್ಬನಿಗೆ ಗರಿಕೆ ಮೇಲೆ ಹರಡು ಅಂದಳು ಮತ್ತೊಬ್ಬಳು. ಯಾರು ಏನು ಹೇಳಿದರೂ ಮಾಡಿದಳು. ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಲಾರಿ ತೊಳೆದು ಬಂದವನು ಕಲ್ಲಿನ ಮೇಲಿದ್ದ ಅಂಗಿಯನ್ನು ಎತ್ತಿ ಬೇಲಿಗೆಸೆದೆ. ಅತ್ತಿಗೆ ಹೋಗಿ ಮುಳ್ಳಿನಿಂದ ಬಿಡಿಸಿ ತಂದಳು.

“ಹರಿದಿದ್ರೆ ಅದೂ ನನ್ನ ತಲೆಗೇ ಬರ್ತಿತ್ತು ಹೂವಪ್ಪ” ಅಂದಳು ಅಷ್ಟೇ.

ಹೌದಲ್ಲ. ಸಿಟ್ಟು ಮಾಡುವುದೂ ಈ ಮನೆಯಲ್ಲಿ ಗಂಡಸರಿಗೆ ಮಾತ್ರ.

ಆ ಮಾತು ನಮ್ಮ ಜಗಲಿಯಲ್ಲೇ ಉಳಿಯಲಿಲ್ಲ. ಕೂತು ಉಂಡವರು ಹೊತ್ತುಕೊಂಡು ಹೋಗಿದ್ದರು. ಬೀದಿಯ ಕೊನೆಯ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಅತ್ತಿಗೆಯೂ ಹೋದಳು. ಅವಳಿಗೆ ಇನ್ನೂ ಮಕ್ಕಳಾಗಿರಲಿಲ್ಲ, ಮಕ್ಕಳೆಂದರೆ ಪ್ರಾಣ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಆ ಮನೆಯ ಮುದುಕಿ ಮಗುವನ್ನು ಸೊಂಟಕ್ಕೆಳೆದುಕೊಂಡು, “ಈಗ ಬೇಡ ಪುಷ್ಪಾ, ನಿದ್ದೆ ಬಂದಿದೆ ಅದಕ್ಕೆ” ಅಂದಳಂತೆ. ಮಗು ಕಣ್ಣು ಬಿಟ್ಟುಕೊಂಡು ಕೈಕಾಲು ಆಡಿಸುತ್ತಿತ್ತಂತೆ. ಇದನ್ನು ನನಗೆ ಹೇಳಿದವಳು ಹಾಲಮ್ಮ. ಅವರು ಕೊಟ್ಟ ಎಲೆ ಅಡಿಕೆಯನ್ನು ಅತ್ತಿಗೆ ಅಲ್ಲೇ ಬಿಟ್ಟು ಮನೆಗೆ ಬಂದು ಭತ್ತ ಕುಟ್ಟಲು ನಿಂತಳು. ಒನಕೆ ಬೀಳುವ ಸದ್ದು ಕೇಳಿ ಅಪ್ಪ ಜಗಲಿಯಿಂದ ಎದ್ದು ಹೊರಗೆ ಹೋದ.

ನಾನೂ ಹಿಂದೆ ಹೋದೆ. ಅಪ್ಪ ಹುಲಿಯಪ್ಪ ಸೌದೆ ಡಿಪೋದಲ್ಲಿ ಕೂಲಿ. ಮಾತು ಕಡಿಮೆ. ರಸ್ತೆಯ ತಿರುವಿನಲ್ಲಿ ನಿಂತು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ನನ್ನ ಮುಖ ನೋಡದೆಯೇ ಹೇಳಿದ.

“ಅಂಗಿ ಸುಟ್ಟಿದ್ದು ಅವಳಲ್ಲ.”

“ಎಂತಾ?”

“ಹೊತ್ತಿದ ವಾಸನೆ ಬಂದಾಗ ಪುಷ್ಪ ಬಾವಿಕಟ್ಟೇಲಿದ್ಲು. ನಾನು ಜಗಲೀಲಿ ಕೂತು ನೋಡ್ತಿದ್ದೆ.”

“ಮತ್ತೆ ಯಾರು?”

“ಒಳಗಿದ್ದೋಳು ನಿನ್ನವ್ವ ಒಬ್ಳೇ.”

“ಇಷ್ಟು ದಿನ ಬಾಯಿಗೆ ಏನು ತುರುಕ್ಕೊಂಡಿದ್ದೆ ನೀನು?”

ಅಪ್ಪ ಕೈಯಲ್ಲಿದ್ದ ಎಲೆ ತೋರಿಸಿದ. “ಇದನ್ನೇ” ಅಂದ. ನನಗೆ ನಗು ಬರಲಿಲ್ಲ.

ಇಸ್ತ್ರಿ ಪೆಟ್ಟಿಗೆ ಸಾಗರದಿಂದ ಬಂದ ದಿನವೇ ಅಣ್ಣ, “ಇದನ್ನ ಪುಷ್ಪ ಒಬ್ಳೇ ಮುಟ್ಟೋದು. ಅವ್ವ, ನೀನು ಹತ್ರ ಹೋಗ್ಬೇಡ, ಸುಟ್ಕೊಂಡೀಯ” ಅಂತ ಕಟ್ಟುಮಾಡಿದ್ದ. ಹಾಗಾಗಿ ಅಂಗಿ ಸುಟ್ಟಿದ್ದರೆ ಸುಟ್ಟವಳು ಅತ್ತಿಗೆ ಅಂತಲೇ ಎಲ್ಲರ ಲೆಕ್ಕ. ನಾನೂ ಹಾಗೇ ತಿಳಿದಿದ್ದೆ. ನಾನು ಸೀದಾ ಅಡುಗೆಮನೆಗೆ ಹೋದೆ. ಅವ್ವ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು.

“ಅವ್ವಾ, ಇಸ್ತ್ರಿ ಪೆಟ್ಟಿಗೆ ಯಾಕೆ ಮುಟ್ಟಿದೆ?”

ಅವಳ ಕೈ ನಿಂತಿತು. ಇಲ್ಲ ಅನ್ನಲಿಲ್ಲ. ಅಷ್ಟರ ಮಟ್ಟಿಗೆ ನನ್ನವ್ವ ಒಳ್ಳೆಯವಳು.

“ನನ್ನ ಮಗ ಸಭೆಗೆ ಹಾಕ್ಕೊಂಡು ಹೋಗೋ ಅಂಗಿ. ಒಂದಿನ ನಾನೂ ಉಜ್ಜಾಣ ಅನ್ನಿಸ್ತು ಕಣೋ. ಅವಳು ನೀರಿಗೆ ಹೋಗಿದ್ಲು. ತೆಂಗಿನ ಚಿಪ್ಪಿನ ಕೆಂಡ ಅಷ್ಟು ಕಾಯ್ತದೆ ಅಂತ ನಂಗೆಂತ ಗೊತ್ತು? ಒಲೆ ಮೇಲೆ ಹಾಲು ಉಕ್ಕಿತು. ಪೆಟ್ಟಿಗೆ ಅಲ್ಲೇ ಬಿಟ್ಟು ಓಡಿದೆ.”

“ಆಮೇಲೆ ಮಡಿಸಿಟ್ಟು ಸುಮ್ಮನಾದೆ.”

“ಅವನಿಗೆ ಗೊತ್ತಾದ್ರೆ…” ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ಕಣ್ಣು ಕಾಣಲ್ಲ, ಕೈಲಾಗಲ್ಲ, ಮೂಲೇಲಿ ಕೂತ್ಕೋ ಅಂತಾನೆ. ಈಗಲೇ ಅರ್ಧ ಮೂಲೇಲಿದ್ದೀನಿ.”

“ನೀನು ಮೂಲೆಗೆ ಹೋಗಬಾರದು ಅಂತ ಅವಳು ಸುಡುಗಾಡಿಗೆ ಹೋಗ್ಬೇಕಾ?”

“ಬಿಡ್ತು ಅನ್ನೋ!”

“ಅನ್ನಲ್ಲ. ಇವತ್ತು ಅವನ ಎಲೆ ಮುಂದೆ ನೀನೇ ಹೇಳು. ಇಲ್ದಿದ್ರೆ ನಾನು ಹೇಳ್ತೀನಿ. ನಾನು ಹೇಳಿದ್ರೆ ಹೆಂಗಿರ್ತದೆ ಅಂತ ನಿಂಗೆ ಗೊತ್ತು.”

ಅಂದು ಸೊಪ್ಪಿನ ಸಾರು, ಸುಟ್ಟ ಒಣಮೀನು. ಅವ್ವ ಅಣ್ಣನಿಗೆ ಅನ್ನ ಬಡಿಸಿದಳು, ಸಾರು ಬಿಟ್ಟಳು, ಸೌಟು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

“ಜಟ್ಟಾ, ಆ ಅಂಗಿ ಸುಟ್ಟಿದ್ದು ನಾನು ಕಣೋ.”

ಅಣ್ಣ ತುತ್ತು ನಿಲ್ಲಿಸಿ ಅವಳನ್ನು ನೋಡಿದ. ಆಮೇಲೆ ನಕ್ಕುಬಿಟ್ಟ. ನಿಜವಾಗಿಯೂ ನಕ್ಕ.

“ನೀನಾ? ಮುಟ್ಬೇಡ ಅಂದಿದ್ದೆ ತಾನೆ? ಕೈಗಿಯ್ಯಿ ಸುಟ್ಕೊಂಡಿಲ್ಲ ಅಲ್ವಾ?”

“ಇಲ್ಲ.”

“ಸರಿ ಹಂಗಾರೆ. ಅಂಗಿ ತಾನೆ. ಹೋದ್ರೆ ಹೋಯ್ತು. ಮೀನು ಹಾಕು ಇನ್ನೊಂದು ಚೂರು.”

ನನ್ನ ಮುಂದಿದ್ದ ಎಲೆ ನನಗೆ ಕಾಣಿಸಲಿಲ್ಲ. “ಅಂದ್ರೆ ಅವ್ವ ಸುಟ್ರೆ ಅಂಗಿ ತಾನೆ, ಅತ್ತಿಗೆ ಸುಟ್ರೆ ಕೊಳ್ಳಿ ಇಟ್ಟ ಕೈ. ಹೌದಾ?”

“ನೀನು ಸುಮ್ನೆ ಉಣ್ಣೋ. ಆರನೇ ಕ್ಲಾಸು ಓದಿದೋನು ನಂಗೆ ನ್ಯಾಯ ಹೇಳೋಕೆ ಬರ್ಬೇಡ.”

“ನಾನು ಆರಕ್ಕೆ ಬಿಟ್ಟಿದ್ದಕ್ಕೆ ನೀನು ಹತ್ತು ಓದಿದ್ದು!”

“ಹೂವಾ” ಅಂದ ಅಪ್ಪ, ಮೆಲ್ಲಗೆ.

ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಅತ್ತಿಗೆ ಬಂದು ನಿಂತಿದ್ದಳು. “ಅತ್ತೆ ಸುಟ್ಟಿದ್ದು ನಂಗೆ ಅವತ್ತೇ ಗೊತ್ತಿತ್ತು” ಅಂದಳು. ಅವ್ವ ಸೌಟು ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡಳು. “ನಾನು ನೀರು ತಂದು ಒಳಗೆ ಬಂದಾಗ ಪೆಟ್ಟಿಗೆ ಇಟ್ಟ ಜಾಗದಲ್ಲಿರಲಿಲ್ಲ. ಅಂಗಿ ಯಾರು ಸುಟ್ರು ಅನ್ನೋದು ಬಿಡಿ. ಆ ಮಾತು ಆಡಿದ್ರಲ್ಲ, ಅದು?”

“ಯಾವ ಮಾತು?” ಅಂದ ಅಣ್ಣ.

ಅವನಿಗೆ ಮರೆತಿತ್ತೋ, ಮರೆತ ಹಾಗೆ ಮಾಡಿದನೋ, ಇವತ್ತಿಗೂ ಗೊತ್ತಿಲ್ಲ. ಎರಡರಲ್ಲಿ ಯಾವುದು ಕೆಟ್ಟದ್ದು ಅಂತಲೂ ಗೊತ್ತಿಲ್ಲ.

“ಸಿಟ್ಟಲ್ಲಿ ಏನೋ ಬಂದಿರ್ತದೆ” ಅಂದ. “ಅದನ್ನೇ ಹಿಡ್ಕೊಂಡು ಕೂತ್ರೆ ಸಂಸಾರ ಆಗ್ತದಾ?”

ಅತ್ತಿಗೆ ಒಳಗೆ ಹೋದಳು. ಅವ್ವ ಅವಳ ಹಿಂದೆ ಹೋಗಲು ನೋಡಿದಳು. “ಮೀನು ಹಾಕು ಅಂದ್ನಲ್ಲ” ಅಂದ ಅಣ್ಣ.

ಮತ್ತೂ ಕೆಲವು ದಿನ ಅಂಗಿ ಬಿಸಿಲಿಗೆ ಬಿತ್ತು. ಈಗ ಅವ್ವನೇ ಹುಳಿ ಹಿಂಡುತ್ತಿದ್ದಳು. ಅತ್ತಿಗೆ, “ನೀವು ಬಿಡಿ ಅತ್ತೆ, ನಿಮ್ಮ ಕಣ್ಣಿಗೆ ಹಾರ್ತದೆ” ಅಂದು ಕಸಿದುಕೊಳ್ಳುತ್ತಿದ್ದಳು. ಅವರಿಬ್ಬರೂ ಹಾಗೆ ಕೂತದ್ದು ನೋಡಿದರೆ ತಾಯಿ ಮಗಳು ಅನ್ನಬೇಕು. ಬೆಲ್ಲದ ಬಣ್ಣ ಹೋಗಿ ಗಂಜಿತಿಳಿಯ ಬಣ್ಣಕ್ಕೆ ಬಂತು. ಕಡೆಗೆ ಎಲ್ಲಿತ್ತು ಅಂತ ಹುಡುಕಿದರೂ ಸಿಗದ ಹಾಗಾಯಿತು. ಅತ್ತಿಗೆ ಅಂಗಿಯನ್ನು ತೊಳೆದು, ನೀಲಿ ಹಾಕಿ, ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದಳು.

ಅಣ್ಣ ಕನ್ನಡಿ ಮುಂದೆ ನಿಂತು ತೊಟ್ಟುಕೊಂಡ. ಎದೆ ಉಬ್ಬಿಸಿ ಎಡಕ್ಕೆ ಬಲಕ್ಕೆ ತಿರುಗಿ ನೋಡಿದ.

“ಹಾಂ, ಹೋಗಿದೆ. ಈಗೆಲ್ಲ ಸರಿ ಆಯ್ತಲ್ಲ?” ಅಂದ. ಮಣೆ ಎಳೆದು ಕೂತ. “ಬಾ, ಬಡಿಸು. ಅವ್ವನ್ನ ಯಾಕೆ ಏಳಿಸ್ತೀಯ?”

ಅತ್ತಿಗೆ ಬಂದಳು. ಅಕ್ಕಿ ರೊಟ್ಟಿ ಹಾಕಿದಳು, ಚಟ್ನಿ ಹಾಕಿದಳು, ಕಾಫಿ ತಂದಿಟ್ಟಳು. ಅವನು ಉಂಡು ಸೈಕಲ್ ಹತ್ತಿ ಹೋದ. ಬೀದಿಯ ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ನನ್ನ ಕಡೆ ತಿರುಗಿದಳು.

“ನಿಮ್ಮ ಲಾರಿ ತೀರ್ಥಹಳ್ಳಿ ಕಡೆಗೆ ಯಾವತ್ತು ಹೋಗ್ತದೆ ಹೂವಪ್ಪ?”

“ನಾಳೆ ಬೆಳಿಗ್ಗೆ.”

“ನಂಗೊಂದು ಜಾಗ ಮಾಡ್ಕೊಡು.”

ಅವ್ವ ಕೈ ಹಿಡಿದುಕೊಂಡಳು. ಅತ್ತಳು. ಅಣ್ಣ ಆ ದಿನ ಬಂದವನು, “ಹೋಗ್ಲಿ, ತವರಿಗೆ ತಾನೆ, ಒಂದ್ವಾರ ಇದ್ದು ಬರ್ಲಿ” ಅಂತ ಪೇಪರ್ ಓದುತ್ತ ಕೂತ. ಅವನಿಗೆ ಅದು ತವರಿಗೆ ಹೋಗುವುದು ಅಂತಲೇ ಕಂಡಿತು.

ಲಾರಿಯಲ್ಲಿ ಡ್ರೈವರ್ ವೆಂಕಟ್ರಮಣ ಮುಂದಿನ ಸೀಟು ಒರೆಸಿ ಕೊಟ್ಟ. ಇಳಿಯುವಾಗ ಟ್ರಂಕು ಕೆಳಗಿಟ್ಟ ನನಗೆ ಅತ್ತಿಗೆ ಹೇಳಿದಳು.

“ನಾನು ಜಗಳಕ್ಕೆ ಬಂದದ್ದಲ್ಲ. ಆ ಮಾತು ಆಡಿದ್ದು ನಾಲ್ಕು ಜನರ ಮುಂದೆ. ನಾಲ್ಕು ಜನರ ಮುಂದೆ, ಹಾಗಲ್ಲ ಅಂತ ಅನ್ಲಿ. ಅವತ್ತೇ ಬರ್ತೀನಿ. ಅನ್ನದೆ ಇದ್ರೆ ಬರಲ್ಲ. ನಿನ್ನಣ್ಣಂಗೆ ಇಷ್ಟೇ ಹೇಳು.”

ನಾನು ಹೇಳಿದೆ. ಅವನು ಕೇಳಿಸಿಕೊಂಡು, “ತಲೆ ಕೆಟ್ಟಿದೆ ಅವಳಿಗೆ” ಅಂದ.

ಒಂದು ವಾರವಾಯಿತು, ಎರಡಾಯಿತು. ಯುಗಾದಿಯೂ ಬಂತು. ಅವ್ವ ಒಬ್ಬಳೇ ಹೋಳಿಗೆ ಮಾಡಲು ಹೋಗಿ ಕಣಕ ಕೆಡಿಸಿದಳು. ಅಪ್ಪ ಈ ವಯಸ್ಸಿನಲ್ಲಿ ಬಾವಿ ನೀರು ಹೊತ್ತ. ನಾನು ಲಾರಿಯಿಂದ ಬಂದು ಪಾತ್ರೆ ತಿಕ್ಕಿದೆ. ಅಣ್ಣ ಮಾತ್ರ ಹೋಟೆಲಿನಲ್ಲಿ ಇಡ್ಲಿ ತಿಂದು ಬರುತ್ತಿದ್ದ. ಇಸ್ತ್ರಿ ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ. “ಅವ್ವಾ, ಒಂದು ಅಂಗಿಯಾದ್ರೂ…” ಅಂತ ಅವನು ಕೇಳಿದಾಗ ಅವ್ವ, “ನೀನೇ ಅಂದಿದ್ದೆಯಲ್ಲ, ಹತ್ರ ಹೋಗ್ಬೇಡ ಅಂತ” ಅಂದಳು. ಆ ಉತ್ತರ ಕೇಳಿ ಅಪ್ಪ ಮುಖ ತಿರುಗಿಸಿಕೊಂಡು ನಕ್ಕ.

ಕಡೆಗೆ ಅವನನ್ನು ಏಳಿಸಿದ್ದು ಅವ್ವನ ಅಳುವೂ ಅಲ್ಲ, ನನ್ನ ಬೈಗುಳವೂ ಅಲ್ಲ. ಸೀತಾರಾಮಪ್ಪನವರು ಆಫೀಸಿನಲ್ಲಿ ಎಲ್ಲರ ಮುಂದೆ, “ಏನ್ರೀ ಜಟ್ಟಪ್ಪ, ಮನೆಯವರು ಊರಲ್ಲಿಲ್ವಂತೆ?” ಅಂತ ಕೇಳಿದರಂತೆ. ಅವನಿಗೆ ಅದು ತಾಗಿತು. “ನಾಳೆ ಹೋಗಿ ಕರ್ಕೊಂಡು ಬರಾಣ” ಅಂದ. “ಅವ್ವ, ನೀನೂ ಬಾ. ಹೂವಾ, ನೀನೂ ಬಾ. ನೀವಿಬ್ರೂ ಹೇಳಿದ್ರೆ ಕೇಳ್ತಾಳೆ.”

ಹೋದೆವು. ಬಸ್ಸಿಳಿದು ಗದ್ದೆಯ ಅಂಚಿನ ಮೇಲೆ ನಡೆದು ಆ ಮನೆ ಸೇರಿದಾಗ ಮಧ್ಯಾಹ್ನ. ಅತ್ತಿಗೆಯ ತಾಯಿ ರಂಗಮ್ಮ ಕಾಲಿಗೆ ನೀರು ಕೊಟ್ಟಳು, ಬೆಲ್ಲ ನೀರು ತಂದಿಟ್ಟಳು. ಅಳಿಯ ಬಂದ ಸುದ್ದಿ ತಿಳಿದು ಜಯಪ್ಪ ಬಂದ, ಅಕ್ಕಪಕ್ಕದವರು ಇನ್ನಿಬ್ಬರು ಬಂದು ಜಗಲಿಯ ಮೇಲೆ ಕೂತರು. ಭತ್ತದ ಮಾತಾಯಿತು, ಕಾಡುಹಂದಿಯ ಕಾಟದ ಮಾತಾಯಿತು. ಅಣ್ಣ ಅಲ್ಲೂ ಸಾಲು ನಾಟಿಯ ಲಾಭ ಹೇಳಿದ.

ಅತ್ತಿಗೆ ಕಾಫಿ ತಂದಳು. ಅವಳನ್ನು ಕಂಡಿದ್ದೇ ಅವ್ವ ಎದ್ದು ಹೋಗಿ ಎರಡೂ ಕೈ ಹಿಡಿದುಕೊಂಡಳು.

“ತಪ್ಪಾಯ್ತು ಮಗಾ. ಅಂಗಿ ಸುಟ್ಟಿದ್ದು ನಾನು, ಬೈಸ್ಕೊಂಡಿದ್ದು ನೀನು. ಇವರೆಲ್ಲರ ಮುಂದೆ ಹೇಳ್ತಾ ಇದ್ದೀನಿ.”

“ಅಯ್ಯೋ ಬಿಡಿ ಅತ್ತೆ, ಅದನ್ನ ನಾನು ಅವತ್ತೇ ಬಿಟ್ಟಿದ್ದೀನಿ” ಅಂದು ಅತ್ತಿಗೆ ಅವಳನ್ನು ಕಂಬಕ್ಕೊರಗಿಸಿ ಕೂರಿಸಿದಳು. ಅವ್ವನ ಕೆಲಸ ಅಷ್ಟರಲ್ಲಿ ಮುಗಿಯಿತು. ಒಂದು ಉಸಿರಿನ ಕೆಲಸ.

“ಸರಿ, ಎಲ್ಲ ಆಯ್ತಲ್ಲ” ಅಂದ ಅಣ್ಣ, ಕಾಫಿ ಲೋಟ ಕೆಳಗಿಟ್ಟು. “ಬಟ್ಟೆ ಕಟ್ಕೋ. ಸಂಜೆ ಬಸ್ಸಿದೆ.”

ಅತ್ತಿಗೆ ಕದಲಲಿಲ್ಲ. “ಹೂವಪ್ಪ ಹೇಳಿಲ್ವಾ ನಿಮಗೆ?”

“ಹೇಳಿದ. ಮನೆಗೆ ಹೋಗಿ ಮಾತಾಡಾಣ.”

“ಒಳಗೆ ಕೂತು ಆಡಿದ ಮಾತಲ್ಲ ಅದು. ಜಗಲೀಲಿ ಆಡಿದ್ದು. ಇದೂ ಜಗಲಿಯೇ.”

“ಏನಂತ ಮಾತಾಡಿದ್ರು?” ಅಂತ ಕೇಳಿದ ಜಯಪ್ಪ.

ಅತ್ತಿಗೆ ಹೇಳಿದಳು. ಒಂದಕ್ಷರ ಬಿಡದೆ ಹೇಳಿದಳು. ರಂಗಮ್ಮ ಒಳಗಿನಿಂದ ಕೇಳಿಸಿಕೊಂಡು ಬಾಗಿಲ ದಾರಂದಕ್ಕೆ ಒರಗಿದಳು. ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಮಗಳು ಬಂದು ಅಷ್ಟು ವಾರವಾಗಿದ್ದರೂ ತಾಯಿಯ ಕಿವಿಗೆ ಅದನ್ನು ಹಾಕಿರಲಿಲ್ಲ.

ಜಯಪ್ಪ ಕಾಫಿ ಲೋಟ ಪಕ್ಕಕ್ಕೆ ಸರಿಸಿದ. ಆಮೇಲೆ, “ನಾನು ಅವತ್ತು ಇಲ್ಲೇ ಇದ್ದೆ ಜಟ್ಟಪ್ಪ” ಅಂದ. “ನಡಿ ಮಗಾ ಅಂದೋನೂ ನಾನೇ. ದೋಷ ಇದ್ರೆ ನಂದು. ನೀನು ಅವಳಿಗೆ ಒಂದ್ಮಾತು ಅಂದ್ಬಿಡು. ಮಾತಿಗೆ ಖರ್ಚಿಲ್ಲ.”

“ಗಂಡ ಹೆಂಡ್ತಿ ವಿಷಯಕ್ಕೆ ಪಂಚಾಯ್ತಿ ಯಾಕೆ?” ಅಣ್ಣನ ಮುಖ ಕೆಂಪಾಗಿತ್ತು. “ಅವ್ವಾ, ಹೇಳು ಇವಳಿಗೆ. ಹೂವಾ, ಹೇಳೋ.”

“ನೀನೇ ಹೇಳು” ಅಂದೆ. “ಹೇಳೋ ಕೆಲಸಕ್ಕೇ ತಾನೆ ನಿಂಗೆ ಸಂಬಳ.”

“ಬಾಯ್ಮುಚ್ಚು ನಾಯಿ.”

“ಹೂವಪ್ಪ, ನೀನು ಸುಮ್ನಿರು” ಅಂದಳು ಅತ್ತಿಗೆ. ದನಿ ಏರಿಸಲಿಲ್ಲ. ಅವನ ಎದುರಿಗೆ, ಜಗಲಿಯ ಕೆಳಗೆ ಅಂಗಳದಲ್ಲಿ ನಿಂತಳು. “ತಪ್ಪಾಯ್ತು ಅನ್ನೋದೂ ಬೇಡ. ಕಷ್ಟ ಆದ್ರೆ ಅದನ್ನ ಬಿಡಿ. ನಾನು ಒಂದು ಕೇಳ್ತೀನಿ, ಅದಕ್ಕೆ ಉತ್ತರ ಕೊಡಿ, ಸಾಕು. ನಿಮ್ಮ ಹಿಂದೆ ಈಗಲೇ ಹೊರಡ್ತೀನಿ. ಇದೇ ಅಂಗಳದಲ್ಲಿ ಅಪ್ಪನ್ನ ಮಲಗಿಸ್ಕೊಂಡು ನಾವು ಕಾದ್ವಿ. ಬರ್ತಾರೆ, ಬರ್ತಾರೆ ಅಂತ ಜಯಪ್ಪಣ್ಣಂಗೆ ನಾನೇ ಹೇಳ್ತಿದ್ದೆ. ಆ ಕೊಳ್ಳಿ ಯಾರ ಕೈಲಿ ಇರ್ಬೇಕಿತ್ತು?”

ಅವ್ವ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಅನ್ನಲಿ, ಒಮ್ಮೆ ಅಂದುಬಿಡಲಿ ಅಂತ ಅವಳ ತುಟಿ ಅಲ್ಲಾಡುತ್ತಿದ್ದುದು ನನಗೆ ಕಾಣುತ್ತಿತ್ತು. ನನ್ನ ಕೈಲಿ ಅನ್ನುವ ಒಂದು ಮಾತು. ಸಭೆ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದ ಬಾಯಿ ಅದು.

ಅಣ್ಣ ಜಯಪ್ಪನನ್ನು ನೋಡಿದ. ಕೂತಿದ್ದ ಇನ್ನಿಬ್ಬರನ್ನು ನೋಡಿದ. ಎದ್ದು, ಮೆಟ್ಟಿಲ ಬುಡದಲ್ಲಿದ್ದ ಚಪ್ಪಲಿ ಕಾಲಿಗೆ ಸಿಕ್ಕಿಸಿಕೊಂಡ. ಒಂದು ಚಪ್ಪಲಿ ಸರಿಯಾಗಿ ಹೋಗಲಿಲ್ಲ, ಬಗ್ಗಿ ಬೆರಳಿಂದ ಎಳೆದು ಸರಿ ಮಾಡಿದ. ಅತ್ತಿಗೆ ದಾರಿಗೆ ಅಡ್ಡ ನಿಂತಿರಲಿಲ್ಲ. ಆದರೂ ಅವಳನ್ನು ಬಳಸಿಕೊಂಡು ಅಂಗಳದ ಅಂಚಿನಿಂದಲೇ ಹೋದ.

“ಜಟ್ಟಾ!” ಅಂತ ಅವ್ವ ಕೂಗಿದಳು.

ಅವನು ಪಂಚೆ ಎತ್ತಿ ಕಟ್ಟಿ ಗದ್ದೆಯ ಅಂಚಿಗೆ ಇಳಿದ. ತಿರುಗಿ ನೋಡಲಿಲ್ಲ. ಬಸ್ಸಿನ ರಸ್ತೆಯ ಕಡೆಗೆ ನಡೆಯುತ್ತ ಹೋದ.